ಅಪ್‌ಡೇಟ್: ಪಕ್ಕದ ಮನೆ ಅಜ್ಜಿಯ ಹಳೇ ಕೋಲ್ಟ್ ರಿವಾಲ್ವರ್

ಹೋದ ತಿಂಗಳು ಕೇಳಿದ್ದೆ. ಇಲ್ಲಿ ಪೆನ್ಸಿಲ್ವೇನಿಯಾದಲ್ಲಿ ನಮ್ಮ ಪಕ್ಕದ ಮನೆ ಅಜ್ಜಿಯ ಹತ್ತಿರ 1860ರ ಮಾಡೆಲ್ ಕೋಲ್ಟ್ ಆರ್ಮಿ ಇದೆ. ಹಿಡಿಕೆಯ ಹಿಂಬದಿಯ ಉಕ್ಕಿನ ಪಟ್ಟಿಯ ಮೇಲೆ, ಅಮೆರಿಕದ ಅಂತರ್ಯುದ್ಧದಲ್ಲಿ ಫಿರಂಗಿದಳದ ಲೆಫ್ಟಿನೆಂಟ್ ಆಗಿದ್ದ ಅವರ ಮುತ್ತಜ್ಜನಿಗೆ ದಳದವರು ಕೊಟ್ಟ ಉಡುಗೊರೆ ಅಂತ ಕೆತ್ತಿದೆ. ಗುಂಡು ತುಂಬುವ, ತಿರುಗುವ ಸಿಲಿಂಡರ್ ಮೇಲೆ ಹಡಗುಗಳ ಚಿತ್ರವೂ ಇದೆ. ಆ ಬರಹ ಅಸಲಿಯಾ, ಫಿರಂಗಿಯವನ ಗನ್ನಿನ ಮೇಲೆ ಹಡಗು ಯಾಕೆ ಅನ್ನೋದು ನನ್ನ ಪ್ರಶ್ನೆ.

ಹಡಗಿನ ಗುಟ್ಟು ಮೊದಲು ಬಯಲಾಯಿತು. ಅದು 1843ರ ಮೇ 16ರಂದು ಆಗ ಬೇರೆ ದೇಶವಾಗಿದ್ದ ಟೆಕ್ಸಸ್‌ನ ನೌಕಾಪಡೆ ಮೆಕ್ಸಿಕೋದ ಹಡಗುಗಳ ಜೊತೆ ನಡೆಸಿದ ಕಾಂಪೆಚೆ ಕದನ. ಈ ಮಾಡೆಲ್‌ನ ಸಿಲಿಂಡರ್ ಮೇಲೆ ಕಂಪನಿಯೇ ಒತ್ತುತ್ತಿದ್ದ ಚಿತ್ರ. ಮುತ್ತಜ್ಜನಿಗೂ ಅದಕ್ಕೂ ಸಂಬಂಧವೇ ಇಲ್ಲ! ನಾನು ಸುಮ್ನೆ ತಲೆ ಕೆಡಿಸಿಕೊಂಡಿದ್ದೆ.

ಮೊನ್ನೆ ಹಳೇ ಬಂದೂಕು ಬಲ್ಲವರೊಬ್ಬರಿಗೆ ತೋರಿಸಿದೆವು. ನಳಿಕೆ, ಫ್ರೇಮ್, ಹಿಡಿಕೆಯ ಪಟ್ಟಿ ಮೂರರಲ್ಲೂ ಒಂದೇ ನಂಬರ್. ನಳಿಕೆ ಕೂರಿಸುವ ಬೆಣೆ ಮಾತ್ರ ಬೇರೆ ಗನ್ನಿನದು. ಆಮೇಲೆ ಭೂತಗನ್ನಡಿ ಹಿಡಿದು ಅಕ್ಷರ ನೋಡಿದರು. ಸುತ್ತಲಿನ ಉಕ್ಕು ಸವೆದ ಹಾಗೇ ಅಕ್ಷರದ ಅಂಚೂ ಸವೆದಿದೆ, ಗೀರುಗಳು ಅಕ್ಷರದ ಮೇಲೇ ಹಾದುಹೋಗಿವೆ. ಈಚೆಗೆ ಕೆತ್ತಿದ್ದಾದರೆ ಅಂಚು ಚೂಪಾಗಿರಬೇಕಲ್ವಾ? ಹಳೇ ಕೆತ್ತನೆಯೇ ಅಂದರು.

ಬೇಜಾರಿನ ಸಂಗತಿ ಒಂದೇ. ಟ್ರಿಗರ್ ಗಾರ್ಡ್‌ನ ಹಿತ್ತಾಳೆಯನ್ನು ಯಾರೋ ಪಾಲಿಶ್ ಹಾಕಿ ಉಜ್ಜಿ, ದೀಪಾವಳಿಗೆ ತೊಳೆದ ದೀಪದ ಹಾಗೆ ಮಾಡಿದ್ದಾರೆ. ಹಳೇತನದ ಮಾಸಲು ಬಣ್ಣ ಹೋಯಿತು, ಬೆಲೆ ಅಲ್ಲೇ ಇಳಿಯಿತು.

ಅಜ್ಜಿ ಮಾರಲ್ಲವಂತೆ. ಮುತ್ತಜ್ಜನ ಸೇವಾ ದಾಖಲೆಗೆ ವಾಷಿಂಗ್ಟನ್ನಿನ ನ್ಯಾಷನಲ್ ಆರ್ಕೈವ್ಸ್‌ಗೆ ಬರೆದಿದ್ದೇವೆ.