‘ಅನುಕೂಲವಾದ’ ಎಂದರೆ ಯಾವ ವಾದ? ಸ್ತ್ರೀ ಮತಾಧಿಕಾರದ ಚರ್ಚೆಗೊಂದು ಪದ ಬೇಕಾಗಿದೆ

ಮಾನ್ಯರೇ,

ಹಾಸನದ ನಮ್ಮ ಕಾಲೇಜಿನ ಚರ್ಚಾಸ್ಪರ್ಧೆಗಾಗಿ, ಹೆಂಗಸರಿಗೆ ಮತದ ಹಕ್ಕು ಬೇಕೆಂದು ಹೋರಾಡಿದವರು ಯಾವ ಯಾವ ವಾದಗಳನ್ನು ಮುಂದಿಟ್ಟರು ಎಂಬ ಬಗ್ಗೆ ಕನ್ನಡದಲ್ಲಿ ಒಂದು ಟಿಪ್ಪಣಿ ಸಿದ್ಧಪಡಿಸುತ್ತಿದ್ದೇನೆ. ಇಂಗ್ಲಿಷ್ ಬರಹಗಳಲ್ಲಿ ಇವನ್ನು ಜಸ್ಟಿಸ್, ಎಕ್ಸ್‌ಪೀಡಿಯೆನ್ಸಿ ಎಂದು ಎರಡಾಗಿ ವಿಂಗಡಿಸುವ ರೂಢಿಯಿದೆ. ಹೆಣ್ಣು ತೆರಿಗೆ ಕಟ್ಟುತ್ತಾಳೆ, ಕಾನೂನಿಗೆ ತಲೆಬಾಗುತ್ತಾಳೆ, ಆದ್ದರಿಂದ ಕಾನೂನು ಮಾಡುವವರನ್ನು ಆರಿಸುವ ಹಕ್ಕೂ ಅವಳಿಗೆ ಸಲ್ಲಬೇಕು ಎಂಬುದು ಮೊದಲನೆಯ ಬಗೆ. ಅವಳು ಮತ ಹಾಕಿದರೆ ಊರಿಗೇ ಒಳ್ಳೆಯದಾಗುತ್ತದೆ ಎಂಬುದು ಎರಡನೆಯ ಬಗೆ. ನನ್ನ ತೊಡಕು ಹೆಚ್ಚಾಗಿ ಈ ಎರಡನೆಯದರ ಹೆಸರಿನದು.

ನಿಘಂಟು ನೋಡಿ ಬಂದ ವಿದ್ಯಾರ್ಥಿನಿಯೊಬ್ಬಳು ‘ಸಮಯಸಾಧಕ ವಾದ’ ಎಂದು ಬರೆದಿದ್ದಳು. ಸಮಯಸಾಧಕ ಎಂಬುದು ನಮ್ಮಲ್ಲಿ ಬೈಗುಳಕ್ಕೆ ಹತ್ತಿರದ ಮಾತಾದ್ದರಿಂದ ಅದನ್ನು ‘ಅನುಕೂಲವಾದ’ ಎಂದು ತಿದ್ದಿದೆ. ತರಗತಿಯಲ್ಲಿ ಗಟ್ಟಿಯಾಗಿ ಓದಿಸಿದಾಗ ಅದೂ ಎಡವಿತು: “ಅವರು ಅನುಕೂಲವಾದ ಮಂಡಿಸಿದರು” ಎಂದೊಡನೆ, ಅನುಕೂಲವಾದ ಏನನ್ನು ಎಂದು ಹಿಂದಿನ ಬೆಂಚಿನಿಂದ ಪ್ರಶ್ನೆ ಬಂತು. ಕೇಳಿದ್ದು ತುಂಟತನಕ್ಕಾದರೂ ಪ್ರಶ್ನೆ ಸರಿಯಾಗಿಯೇ ಇತ್ತು. ಸಂಸ್ಕೃತದ ‘ವಾದ’ವೂ ವಕಾರಾಗಮದಿಂದ ‘ವಾದ’ವಾದ ನಮ್ಮ ‘ಆದ’ವೂ ಬರಹದಲ್ಲಿ ಒಂದೇ ರೂಪ ತಾಳುವುದರಿಂದ ನ್ಯಾಯವಾದ, ಉಪಯುಕ್ತವಾದ ಮುಂತಾದವೆಲ್ಲ ಗುಣವಾಚಕಗಳಾಗಿಯೇ ಕಿವಿಗೆ ಬೀಳುತ್ತವೆ. ಹಾಗೆಂದು ‘ಉಪಯುಕ್ತತಾವಾದ’ ಎನ್ನೋಣವೆಂದರೆ, ಆ ಪದವನ್ನು ತತ್ವಶಾಸ್ತ್ರದವರು, ಹೆಚ್ಚು ಜನರಿಗೆ ಹೆಚ್ಚು ಸುಖ ತರುವುದೇ ಸರಿ ಎಂಬ ಬೆಂಥಮ್ ಮತ್ತು ಮಿಲ್ ಅವರ ಸಿದ್ಧಾಂತಕ್ಕೆ ಆಗಲೇ ಮೀಸಲಿಟ್ಟಿದ್ದಾರೆ. ಅದೇ ಜಾನ್ ಸ್ಟುಅರ್ಟ್ ಮಿಲ್ ಅವರು 1867ರ ಮೇ 20ರಂದು ಬ್ರಿಟನ್ನಿನ ಪಾರ್ಲಿಮೆಂಟಿನಲ್ಲಿ, ಮತದ ಹಕ್ಕನ್ನು ವಿಸ್ತರಿಸುವ ಸುಧಾರಣಾ ಮಸೂದೆಯಲ್ಲಿದ್ದ ‘ಮ್ಯಾನ್’ ಎಂಬ ಪದದ ಜಾಗದಲ್ಲಿ ‘ಪರ್ಸನ್’ ಎಂದು ಹಾಕಬೇಕೆಂದು ಸೂಚಿಸಿ, ತೆರಿಗೆಗೂ ಪ್ರಾತಿನಿಧ್ಯಕ್ಕೂ ಇರುವ ನಂಟನ್ನು ಎತ್ತಿ ತೋರಿಸಿ, 73ಕ್ಕೆ 196 ಮತಗಳಿಂದ ಸೋತರು. ಹೀಗೆ ಮೊದಲನೆಯ ಬಗೆಯ ವಾದ ಹೂಡಿದ ಅವರ ಹೆಸರಿಗೆ ಅಂಟಿಕೊಂಡ ಪದವನ್ನು ಎರಡನೆಯ ಬಗೆಗೆ ಇಟ್ಟರೆ ಓದುಗರ ದಾರಿ ತಪ್ಪುತ್ತದೆ. (ಒಂದು ಪದ ಬದಲಿಸಲು ನಡೆದ ಆ ಮತದಾನ, ಪದಚರ್ಚೆ ಮಾಡುವ ನಮ್ಮಂಥವರಿಗೆ ಸ್ವಲ್ಪ ಸಮಾಧಾನವನ್ನೂ ಕೊಡುತ್ತದೆ.)

ಮೊದಲನೆಯದನ್ನು ‘ನ್ಯಾಯದ ವಾದ’ ಎನ್ನಬಹುದಲ್ಲ ಎಂದು ತಾವು ಕೇಳಬಹುದು. ಪುಸ್ತಕದ ಕನ್ನಡದಲ್ಲಿ ಸರಿ. ನಮ್ಮ ಕಡೆಯ ಹಳ್ಳಿಗಳಲ್ಲಿ ನ್ಯಾಯ ಎಂದರೆ ಜಗಳ, ತಕರಾರು, ಪಂಚಾಯಿತಿ. ಅರಕಲಗೂಡು ತಾಲ್ಲೂಕಿನ ನಮ್ಮ ಸೋದರತ್ತೆ ಅಣ್ಣತಮ್ಮಂದಿರ ಮುಂದೆ ಕೂತು, “ನಂಗೆ ನ್ಯಾಯ ಬ್ಯಾಡ ಕಣ್ರಪ್ಪಾ, ನನ್ನ ಪಾಲು ಕೊಡ್ರಿ ಸಾಕು” ಎಂದದ್ದು ನೆನಪಿದೆ. ಜಸ್ಟಿಸ್ ಎಂಬ ಪದಕ್ಕೆ ಅವರ ಆ ‘ಪಾಲು’ ಎಂಬುದಕ್ಕಿಂತ ಹತ್ತಿರದ ಕನ್ನಡ ನನಗೆ ಇನ್ನೂ ಸಿಕ್ಕಿಲ್ಲ. ಹಾಗಾಗಿ ‘ಪಾಲಿನ ವಾದ’ ಮತ್ತು ‘ಫಲದ ವಾದ’ ಎಂಬ ಜೋಡಿಯನ್ನು ಸದ್ಯಕ್ಕೆ ಬಳಸುತ್ತಿದ್ದೇನೆ.

‘ಫಲದ ವಾದ’ಕ್ಕೆ ಉದಾಹರಣೆಗಳು ಬೇಕಾದಷ್ಟಿವೆ. 1893ರಲ್ಲಿ ಮತಾಧಿಕಾರ ಪಡೆದ ನ್ಯೂಜಿಲೆಂಡಿನಲ್ಲಿ ಕೇಟ್ ಶೆಪರ್ಡ್ ಅವರೂ ಸಂಗಡಿಗರೂ ಪಾನವಿರೋಧಿ ಸಂಘದಿಂದ ಬಂದವರಾಗಿದ್ದು, ಹೆಂಗಸರ ಮತವಿದ್ದರೆ ಕುಡಿತಕ್ಕೆ ಕಡಿವಾಣ ಬೀಳುತ್ತದೆ ಎಂಬ ಮಾತು ಅಲ್ಲಿ ಬಹಳ ಕೆಲಸ ಮಾಡಿತು. ಷಿಕಾಗೋದ ಜೇನ್ ಆಡಮ್ಸ್ ಅವರು, ಹಾಲಿನ ಶುದ್ಧತೆಯಾಗಲಿ ಕಸದ ವಿಲೇವಾರಿಯಾಗಲಿ ಈಗ ಮನೆಯೊಡತಿಯ ಕೈಯಲ್ಲಿಲ್ಲ, ನಗರಾಡಳಿತದ ಕೈಯಲ್ಲಿದೆ, ಆದ್ದರಿಂದ ಮನೆಯನ್ನು ಸರಿಯಾಗಿ ನಡೆಸಬೇಕಾದರೂ ಅವಳಿಗೆ ಮತ ಬೇಕು ಎಂದು ವಾದಿಸಿದರು. ಇದರ ಜಾಣ್ಮೆ ನನಗೆ ಮೆಚ್ಚುಗೆ: ಹೆಣ್ಣಿಗೆ ಮನೆಯೇ ಲೋಕ ಎಂದವರ ಮಾತನ್ನು ಅಲ್ಲಗಳೆಯದೆ, ಆ ಮನೆಯ ಹೊಸಿಲನ್ನೇ ನಗರಸಭೆಯವರೆಗೆ ಎಳೆದು ತಂದದ್ದು. ನಮ್ಮಲ್ಲೂ 1917ರ ಡಿಸೆಂಬರಿನಲ್ಲಿ ಮದ್ರಾಸಿನಲ್ಲಿ ಬ್ರಿಟಿಷ್ ಸರ್ಕಾರದ ಭಾರತ ಮಂತ್ರಿ ಮಾಂಟೆಗು ಅವರನ್ನು ಕಂಡ ಮಹಿಳಾ ನಿಯೋಗದ ಮುಂದಾಳಾಗಿದ್ದ ಸರೋಜಿನಿ ನಾಯ್ಡು ಅವರು, ಮತದ ಹಕ್ಕಿನಿಂದ ಹೆಣ್ಣಿನ ಮನೆಯ ಹೊಣೆಗಾರಿಕೆಗೆ ಕುಂದು ಬಾರದು ಎಂದು ಮರುವರ್ಷದ ಮುಂಬಯಿ ಕಾಂಗ್ರೆಸ್ಸಿನಲ್ಲಿ ಭರವಸೆ ಕೊಡಬೇಕಾಯಿತು.

‘ಅನುಕೂಲ’ವನ್ನು ನಾನು ಕೈಬಿಟ್ಟದ್ದಕ್ಕೆ ಇನ್ನೊಂದು ಕಾರಣವೂ ಇದೆ. 1935ರ ಭಾರತ ಸರ್ಕಾರದ ಕಾಯಿದೆಗೆ ಮುಂಚೆ, ಆಸ್ತಿವಂತನ ಹೆಂಡತಿ ಎಂಬ ಅರ್ಹತೆಯ ಮೇಲೆ ಹೆಂಗಸರಿಗೆ ಮತ ಕೊಡುವ ಸಲಹೆ ಬಂದಾಗ ಅಖಿಲ ಭಾರತ ಮಹಿಳಾ ಸಮ್ಮೇಳನವು ಅದನ್ನು ವಿರೋಧಿಸಿ ವಯಸ್ಕ ಮತಾಧಿಕಾರವನ್ನೇ ಕೇಳಿತು. ಅನುಕೂಲ ನೋಡಿದ್ದರೆ ಒಪ್ಪಿಕೊಳ್ಳಬಹುದಿತ್ತು, ಮತದಾರ್ತಿಯರ ಸಂಖ್ಯೆಯಾದರೂ ಹೆಚ್ಚುತ್ತಿತ್ತು. ಗಂಡನ ಹೆಸರಿನ ಗಂಟು ಅಲ್ಲಿಗೂ ಬಿಚ್ಚಲಿಲ್ಲ. 1951–52ರ ಮೊದಲ ಮಹಾಚುನಾವಣೆಯಲ್ಲಿ, ಇಂಥವರ ಹೆಂಡತಿ, ಇಂಥವರ ಮಗಳು ಎಂದಷ್ಟೇ ಬರೆಸಿದ್ದ ಸುಮಾರು 28 ಲಕ್ಷ ಹೆಂಗಸರು ಪಟ್ಟಿಯಿಂದ ಹೊರಗುಳಿದರು.

‘ಪಾಲು’ ಪದದ ಬಗ್ಗೆ ನನಗೇ ಒಂದು ಅನುಮಾನವಿದೆ. ಪಾಲು ಎಂದ ಮೇಲೆ ಒಬ್ಬರಿಗೆ ಕೊಟ್ಟಷ್ಟು ಇನ್ನೊಬ್ಬರಿಗೆ ಕಡಿಮೆಯಾಗಬೇಕು, ಮತ ಹಾಗಲ್ಲ ಎಂದು ಸಹೋದ್ಯೋಗಿಯೊಬ್ಬರು ಆಕ್ಷೇಪಿಸಿದರು. ವಿರೋಧಿಗಳ ಅಂಜಿಕೆ ಬಹುಮಟ್ಟಿಗೆ ಅದೇ ಆಗಿತ್ತೆಂದು ಉತ್ತರಿಸಿದೆನಾದರೂ ಪೂರ್ತಿ ಒಪ್ಪಿಗೆಯಾಗಲಿಲ್ಲ.

ಕಡೆಯದಾಗಿ, ಈ ಎರಡು ಬಗೆಗೂ ಸೇರಿಸಿ ‘ಮನವೊಲಿಕೆ’ ಎನ್ನಬಹುದೇ? 1872ರಲ್ಲಿ ಮತ ಹಾಕಿದ್ದಕ್ಕಾಗಿ ಮರುವರ್ಷ ವಿಚಾರಣೆಗೆ ಗುರಿಯಾದ ಅಮೆರಿಕದ ಸೂಸನ್ ಬಿ. ಆಂಟನಿ ಅವರು, ನೂರು ಡಾಲರ್ ದಂಡವನ್ನು ಕಟ್ಟುವುದಿಲ್ಲವೆಂದು ನ್ಯಾಯಾಲಯದಲ್ಲೇ ಹೇಳಿ ಹಾಗೆಯೇ ನಡೆದುಕೊಂಡರು. ಅವರು ಯಾರನ್ನೂ ‘ಒಲಿಸುತ್ತಿದ್ದರು’ ಎಂದು ಬರೆಯಲು ನನ್ನ ಕೈ ಏಳುತ್ತಿಲ್ಲ. ‘ಮನಗಾಣಿಸು’ ಎಂಬುದು ಎರಡಕ್ಕೂ ಹೊಂದೀತೇ? ಮೂಡಿಗೆರೆ, ಸಕಲೇಶಪುರದ ಕಡೆ ಪಾಲಿಗೆ ‘ಹಿಸ್ಸೆ’ ಎನ್ನುವವರು ಅದನ್ನು ಜಮೀನಿಗಲ್ಲದೆ ಬೇರೆ ಹಕ್ಕುಗಳಿಗೂ ಬಳಸುವುದುಂಟೇ ಎಂಬುದನ್ನೂ ಬಲ್ಲವರು ತಿಳಿಸಬೇಕಾಗಿ ವಿನಂತಿ.