ಅಮ್ಮನ ವಿಟಮಿನ್ ಡಿ 8 ಅಂತ ಬಂದಿದೆ. ಇಷ್ಟು ಬಿಸಿಲಿರುವ ಊರಲ್ಲಿ ಹೇಗೆ?

ಸೀತಾಂಗೋಳಿ ಮಗಳು:
ಎಲ್ಲರಿಗೂ ನಮಸ್ಕಾರ. ನಮ್ಮ ಮನೆ ಕೇರಳದ ಕಾಸರಗೋಡು ಜಿಲ್ಲೆಯ ಸೀತಾಂಗೋಳಿ ಹತ್ತಿರ. ಅಮ್ಮನಿಗೆ 57 ವರ್ಷ. ಮದುವೆಯಾಗಿ ಬಂದಾಗಿನಿಂದ ಬೀಡಿ ಕಟ್ಟುತ್ತಿದ್ದಾರೆ. ಬೆಳಗ್ಗೆ ಗಂಜಿ ಉಂಡು, ತಡ್ಪೆ (ಮೊರ) ಮಡಿಲಲ್ಲಿಟ್ಟು ಜಗಲಿಯಲ್ಲಿ ಕೂತರೆ ಏಳುವುದು ಮಧ್ಯಾಹ್ನದ ಊಟಕ್ಕೆ.

ಒಂದು ವರ್ಷದಿಂದ ಸೊಂಟ, ತೊಡೆ, ಮೊಣಕಾಲಿನ ಕೆಳಗಿನ ಮೂಳೆ ನೋವು. ಕೂತು ಕೂತು ಹೀಗಾಗಿದೆ ಅಂತ ನಾವೇ ತೀರ್ಮಾನ ಮಾಡಿ ಎಣ್ಣೆ ತಿಕ್ಕಿದೆವು. ನಾನು ಓಣಂ ರಜೆಗೆ ಮನೆಗೆ ಹೋದಾಗ ಒಂದು ನೋಡಿದೆ. ನೆಲದಿಂದ ಏಳಲು ಅಮ್ಮ ಮೊದಲು ಮೊಣಕಾಲಿಗೆ ಕೈ ಊರಿದರು, ಆಮೇಲೆ ಕಿಟಕಿಯ ಸರಳು ಹಿಡಿದರು. ಆ ಒಂದು ಸರಳಿನಲ್ಲಿ ಮಾತ್ರ ಬಣ್ಣ ಹೋಗಿ ಕಬ್ಬಿಣ ಹೊಳೆಯುತ್ತಿತ್ತು. ಎಷ್ಟು ದಿನದಿಂದ ಹೀಗೆ ಹಿಡಿದು ಏಳುತ್ತಿದ್ದಾರೋ! ಅಮ್ಮ ಹೇಳಲಿಲ್ಲ, ನಾನು ಕೇಳಲೂ ಇಲ್ಲ.

ಮಂಗಳೂರಿಗೆ ಕರೆದುಕೊಂಡು ಹೋಗಿ ರಕ್ತ ಪರೀಕ್ಷೆ ಮಾಡಿಸಿದೆ. ವಿಟಮಿನ್ ಡಿ 8. ಕ್ಯಾಲ್ಸಿಯಂ ಸ್ವಲ್ಪ ಕಡಿಮೆ. ಆಲ್ಕಲೈನ್ ಫಾಸ್ಫಟೇಸ್ (ಮೂಳೆಯ ತೊಂದರೆ ಇದ್ದರೆ ಏರುವ ಒಂದು ಕಿಣ್ವವಂತೆ) ಜಾಸ್ತಿ. ವಾರಕ್ಕೊಂದು 60,000 ಯೂನಿಟ್‌ನ ಪುಡಿ, 8 ವಾರ, ಜೊತೆಗೆ ದಿನಾ ಕ್ಯಾಲ್ಸಿಯಂ ಮಾತ್ರೆ ಕೊಟ್ಟಿದ್ದಾರೆ. ಹೊರಗೆ ಅಷ್ಟು ಜನ ಕಾಯುತ್ತಿದ್ದರು, ಜಾಸ್ತಿ ಕೇಳಲು ಆಗಲಿಲ್ಲ. ಇಲ್ಲಿ ಬಿಸಿಲಿಗೆ ಏನು ಕೊರತೆ? ಅಮ್ಮ ಬೂತಾಯಿ, ಬಂಗುಡೆ ತಿನ್ನುತ್ತಾರೆ. ರಿಪೋರ್ಟ್ ತಪ್ಪಿರಬಹುದಾ? ಈ ನೋವು ಇದರಿಂದಲೇ ಬಂದಿದ್ದಾ?

ಕುಂಬಳೆ ನರ್ಸಕ್ಕ:
ಮಗಳೇ, ನಾನು ನಿವೃತ್ತ ನರ್ಸ್. ರಿಪೋರ್ಟ್ ತಪ್ಪು ಅಂತ ನನಗೆ ಅನ್ನಿಸುವುದಿಲ್ಲ. 20ಕ್ಕಿಂತ ಕಡಿಮೆ ಇದ್ದರೆ ಕೊರತೆ ಅನ್ನುತ್ತಾರೆ. 8 ಅಂದರೆ ತುಂಬಾ ಕಡಿಮೆ.

ಬಿಸಿಲು ಊರಲ್ಲಿದ್ದರೆ ಸಾಲದು, ಚರ್ಮಕ್ಕೆ ಬೀಳಬೇಕು. ಚರ್ಮದಲ್ಲಿರುವ ಒಂದು ಬಗೆಯ ಕೊಬ್ಬಿನ ಅಂಶವನ್ನು ಬಿಸಿಲಿನ ಯುವಿ-ಬಿ ಕಿರಣ ವಿಟಮಿನ್ ಡಿ ಮಾಡುತ್ತದೆ. ಆಮೇಲೆ ಲಿವರ್, ಕಿಡ್ನಿ ಎರಡೂ ಕೆಲಸ ಮಾಡಿದ ಮೇಲೆಯೇ ಅದು ಮೈಗೆ ಉಪಯೋಗಕ್ಕೆ ಬರುವುದು. ಅಮ್ಮ ಕೂರುವುದು ಮಾಡಿನ ಕೆಳಗೆ. ಮನೆಯ ಸುತ್ತ ಅಡಿಕೆ ತೋಟ ಇದ್ದರೆ ಅಂಗಳಕ್ಕೂ ನೆರಳೇ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ, ಮೋಡ. ಕಪ್ಪು ಚರ್ಮಕ್ಕೆ ಬಿಸಿಲು ಇನ್ನೂ ಜಾಸ್ತಿ ಹೊತ್ತು ಬೇಕು. ವಯಸ್ಸಾದ ಹಾಗೆ ಚರ್ಮದ ಶಕ್ತಿಯೂ ಕಡಿಮೆಯಾಗುತ್ತದೆ. ಮೀನು ತಿನ್ನಲಿ, ಒಳ್ಳೆಯದೇ. ಆದರೆ 8ರಲ್ಲಿ ಇರುವವರನ್ನು ಮೀನು ಒಂದೇ ಮೇಲೆತ್ತುವುದಿಲ್ಲ.

ನೋವಿನ ವಿಷಯ. ವಿಟಮಿನ್ ಡಿ ಇಲ್ಲದಿದ್ದರೆ ಊಟದ ಕ್ಯಾಲ್ಸಿಯಂ ಕರುಳಿನಿಂದ ಸರಿಯಾಗಿ ಒಳಗೆ ಹೋಗುವುದಿಲ್ಲ. ರಕ್ತದಲ್ಲಿ ಕ್ಯಾಲ್ಸಿಯಂ ಇಳಿಯದ ಹಾಗೆ ನೋಡಿಕೊಳ್ಳುವುದು ಕತ್ತಿನಲ್ಲಿರುವ ಪ್ಯಾರಾಥೈರಾಯ್ಡ್ ಗ್ರಂಥಿಗಳು. ಅವು ಮೂಳೆಯಿಂದ ಕ್ಯಾಲ್ಸಿಯಂ ತೆಗೆಸುತ್ತವೆ. ಹೊಸ ಮೂಳೆಯೂ ಗಟ್ಟಿಯಾಗದೆ ಮೆದುವಾಗಿ ಉಳಿಯುತ್ತದೆ. ದೊಡ್ಡವರಲ್ಲಿ ಇದಕ್ಕೆ ಆಸ್ಟಿಯೋಮಲೇಷಿಯಾ ಅನ್ನುತ್ತಾರೆ. ಮಕ್ಕಳಲ್ಲಾದರೆ ರಿಕೆಟ್ಸ್, ಕಾಲು ಬಾಗುತ್ತದೆ. ಮೊಣಕಾಲಿನ ಕೆಳಗಿನ ಮೂಳೆಯನ್ನು ಹೆಬ್ಬೆರಳಿನಿಂದ ಒತ್ತಿದರೆ ಇಂಥವರು ಕಾಲು ಎಳೆದುಕೊಳ್ಳುತ್ತಾರೆ, ನಾನು ಎಷ್ಟೋ ಜನರಲ್ಲಿ ನೋಡಿದ್ದೇನೆ. ತೊಡೆ, ಸೊಂಟದ ಸ್ನಾಯುಗಳೂ ಸೋಲುತ್ತವೆ. ನೆಲದಿಂದ ಏಳುವುದು, ಮೆಟ್ಟಿಲು ಹತ್ತುವುದು, ಇವೆರಡು ಮೊದಲು ಕಷ್ಟ ಆಗುತ್ತವೆ. ನೀವು ಬರೆದ ಕಿಟಕಿಯ ಸರಳು ಓದಿ ನನಗೆ ಅದೇ ನೆನಪಾಯಿತು.

ಸಾಮಾನ್ಯವಾಗಿ ಕೆಲವು ವಾರಗಳಲ್ಲಿ ಬಲ ಬರಲು ಶುರುವಾಗುತ್ತದೆ. ಮೂಳೆ ನೋವು ಹೋಗಲು ತಿಂಗಳುಗಳೇ ಬೇಕು. ನಡುವೆ ಬಿಡಬೇಡಿ. ಪುಡಿಯನ್ನು ಊಟದ ಜೊತೆ ಕೊಡಿ, ಅದು ಕೊಬ್ಬಿನಲ್ಲಿ ಕರಗುವ ವಿಟಮಿನ್. ಅಮ್ಮನಿಗೆ ಕಿಡ್ನಿ ಕಲ್ಲು ಇದ್ದರೆ, ಅಥವಾ ಫಿಟ್ಸ್‌ನ ಮದ್ದು ತೆಗೆದುಕೊಳ್ಳುತ್ತಿದ್ದರೆ ಡಾಕ್ಟರಿಗೆ ಹೇಳಲೇಬೇಕು.

ಪೆರ್ಲದಿಂದ:
ಅಕ್ಕ, ದಯವಿಟ್ಟು ಮದ್ದಿನ ಕವರ್ ಈಗಲೇ ನೋಡಿ. ನಮ್ಮ ಅಪ್ಪನಿಗೂ ಇದೇ ಪುಡಿ ಕೊಟ್ಟಿದ್ದರು. ಕ್ಯಾಲ್ಸಿಯಂ ಮಾತ್ರೆಯನ್ನೂ ಪುಡಿಯನ್ನೂ ಅಂಗಡಿಯವರು ಒಂದೇ ಕವರಿನಲ್ಲಿ ಹಾಕಿ, ಮೇಲೆ ಮಲಯಾಳದಲ್ಲಿ ಬರೆದಿದ್ದರು. ಅಪ್ಪ ಕನ್ನಡ ಶಾಲೆಯಲ್ಲಿ ಕಲಿತವರು, ಮಲಯಾಳ ಓದಲು ಬರುವುದಿಲ್ಲ. ಎರಡನ್ನೂ ದಿನಾ ತೆಗೆದುಕೊಂಡರು. ಮುಗಿದಾಗ ಮತ್ತೆ ತರಿಸಿದರು. ಸುಮಾರು 40 ದಿನ ಹೀಗೆ ಹೋಯಿತು.

ಮೊದಲು ಮಲಬದ್ಧತೆ. ಆಮೇಲೆ ವಿಪರೀತ ಬಾಯಾರಿಕೆ. ರಾತ್ರಿ ನಾಲ್ಕೈದು ಸಲ ಮೂತ್ರಕ್ಕೆ ಏಳುತ್ತಿದ್ದರು. ಒಂದು ದಿನ ವಾಂತಿ ಮಾಡಿಕೊಂಡು, ನನ್ನನ್ನು ಚಿಕ್ಕಪ್ಪನ ಹೆಸರಿನಿಂದ ಕರೆದರು. ಆಸ್ಪತ್ರೆಗೆ ಸೇರಿಸಿದಾಗ ಕ್ಯಾಲ್ಸಿಯಂ 13 ದಾಟಿತ್ತು. ಇರಬೇಕಾದ್ದು ಸುಮಾರು 8.5ರಿಂದ 10.5. ವಿಟಮಿನ್ ಡಿ 150ಕ್ಕಿಂತ ಜಾಸ್ತಿ. ಡ್ರಿಪ್ ಹಾಕಿ ಕ್ಯಾಲ್ಸಿಯಂ ಇಳಿಸಿದರು. ಆದರೆ ಡಿ ಮೈಯ ಕೊಬ್ಬಿನಲ್ಲಿ ಸೇರಿಕೊಂಡಿರುತ್ತದೆ, ಅದು ಇಳಿಯಲು ತಿಂಗಳುಗಳು ಹಿಡಿದವು. ವಿಟಮಿನ್ ಅಲ್ವಾ, ಜಾಸ್ತಿಯಾದರೆ ಏನಾಗುತ್ತದೆ ಅಂತ ನಾವೂ ಅಂದುಕೊಂಡಿದ್ದೆವು.

ನೀರ್ಚಾಲು ತೋಟದ ಮನೆ:
ನಾವು ಸಸ್ಯಾಹಾರಿಗಳು. ಪ್ಯಾಕೆಟ್ ಹಾಲು ತರುವಾಗ +ಎಫ್ ಗುರುತು ನೋಡಿ ತರುತ್ತೇವೆ, ಅದಕ್ಕೆ ಎ ಮತ್ತು ಡಿ ಸೇರಿಸಿರುತ್ತಾರೆ. ಬೆಳಗ್ಗೆ 7 ಗಂಟೆಯ ಎಳೆ ಬಿಸಿಲು ಸಾಕಾಗುತ್ತದಾ ನರ್ಸಕ್ಕ? ಇನ್ನೊಂದು, ಇದನ್ನು ಎಲ್ಲರೂ ತೆಗೆದುಕೊಂಡರೆ ಹೃದಯಕ್ಕೂ ಒಳ್ಳೆಯದು, ಕ್ಯಾನ್ಸರೂ ಬರುವುದಿಲ್ಲ ಅಂತ ವಾಟ್ಸಾಪಿನಲ್ಲಿ ಬಂತು.

ಕುಂಬಳೆ ನರ್ಸಕ್ಕ:
ಎಳೆ ಬಿಸಿಲಿನಲ್ಲಿ ಯುವಿ-ಬಿ ಇಲ್ಲವೆನ್ನುವಷ್ಟು ಕಡಿಮೆ. ನಿಮ್ಮ ನೆರಳು ನಿಮಗಿಂತ ಗಿಡ್ಡವಾಗಿರುವ ಹೊತ್ತು ಬೇಕು. ಅಂದರೆ ಹತ್ತು ಗಂಟೆಯ ನಂತರ, ಮೂರರ ಒಳಗೆ. ಕೈಕಾಲಿಗೆ ಬೀಳಲಿ, ಚರ್ಮ ಸುಡುವವರೆಗೆ ನಿಲ್ಲಬೇಡಿ. ಗಾಜಿನ ಕಿಟಕಿಯ ಒಳಗೆ ಕೂತರೆ ಪ್ರಯೋಜನ ಇಲ್ಲ.

ವಾಟ್ಸಾಪಿನದ್ದನ್ನು ನಂಬಬೇಡಿ. ಅಮೆರಿಕದಲ್ಲಿ ಸುಮಾರು 26,000 ಜನರನ್ನು ಐದು ವರ್ಷ ನೋಡಿದರು. ಅರ್ಧ ಜನರಿಗೆ ದಿನಾ 2,000 ಯೂನಿಟ್ ಡಿ. ಹೊಸದಾಗಿ ಕ್ಯಾನ್ಸರ್ ಬರುವುದಾಗಲಿ, ಹೃದಯಾಘಾತವಾಗಲಿ ಅದರಿಂದ ಕಡಿಮೆಯಾಗಲಿಲ್ಲ. ಕೊರತೆ ಇರುವವರ ಮೂಳೆಗೆ ಇದು ನಿಜವಾಗಿ ಬೇಕಾದ ಮದ್ದು. ಇಲ್ಲದವರು ಸುಮ್ನೆ ನುಂಗುವುದು ಬೇಡ.

ಪೆರ್ಲದವರೇ, ನೀವು ಬರೆದದ್ದು ಒಳ್ಳೆಯದಾಯಿತು. ನಾನು ಮೊದಲೇ ಹೇಳಬೇಕಿತ್ತು.

ಸೀತಾಂಗೋಳಿ ಮಗಳು:
ಎಲ್ಲರಿಗೂ ತುಂಬಾ ಉಪಕಾರ. ಪೆರ್ಲದವರ ಮಾತು ಓದಿದ ಕೂಡಲೇ ಮನೆಗೆ ಫೋನ್ ಮಾಡಿದೆ. ಅಮ್ಮ ಎರಡು ದಿನದಲ್ಲಿ ಎರಡು ಪ್ಯಾಕೆಟ್ ಮುಗಿಸಿದ್ದಾರೆ! ಡಾಕ್ಟರಿಗೆ ಫೋನ್ ಮಾಡಿ ಕೇಳಿದೆ. ಎರಡರಿಂದ ತೊಂದರೆ ಇಲ್ಲ, ಮುಂದಿನದನ್ನು ಎರಡು ವಾರ ಬಿಟ್ಟು ಕೊಡಿ ಅಂದರು. ಉಳಿದದ್ದನ್ನು ತಮ್ಮ ಬೇರೆ ಡಬ್ಬಿಗೆ ಹಾಕಿ, ಕ್ಯಾಲೆಂಡರಿನಲ್ಲಿ ಆ ಭಾನುವಾರದಿಂದ ಆರು ಭಾನುವಾರಕ್ಕೆ ಕನ್ನಡದಲ್ಲಿ "ಪುಡಿ" ಅಂತ ಬರೆದಿದ್ದಾನೆ.

ಅಂಗಳದಲ್ಲಿ ಕೂತು ಬೀಡಿ ಕಟ್ಟಿ ಅಂದೆ. ನೆನೆಸಿದ ಎಲೆ ಬಿಸಿಲಿಗೆ ಒಣಗಿ ಒಡೆಯುತ್ತದೆ, ಬೀಡಿ ಕಂಪನಿಯ ಬ್ರಾಂಚಿನಲ್ಲಿ ಆ ಬೀಡಿ ತೆಗೆದುಕೊಳ್ಳುವುದಿಲ್ಲ ಅಂದರು ಅಮ್ಮ. ಇಷ್ಟು ವರ್ಷ ನೆರಳಲ್ಲೇ ಯಾಕೆ ಕೂತರು ಅಂತ ನನಗೆ ಆಗ ಅರ್ಥ ಆಯಿತು. ಈಗ ಹನ್ನೊಂದು ಗಂಟೆಗೆ ಬಟ್ಟೆ ಒಣಗಿಸುವುದು ಅಮ್ಮನ ಕೆಲಸ ಅಂತ ಮಾಡಿದ್ದೇವೆ. ಬಕೆಟ್ ತಮ್ಮ ಹೊರುತ್ತಾನೆ.

ಪಕ್ಕದ ಮನೆಯ ಅಕ್ಕನಿಗೂ ಕೂತಲ್ಲಿಂದ ಏಳಲು ಕಷ್ಟವಂತೆ. ಅವರೂ ಬೀಡಿ ಕಟ್ಟುವವರೇ. ಶನಿವಾರ ನಾನೇ ಬಂದು ಅವರನ್ನು ಪರೀಕ್ಷೆಗೆ ಕರೆದುಕೊಂಡು ಹೋಗುತ್ತೇನೆ.