ಪಾಳುಬಿದ್ದ ಚರ್ಚ್ ಒಳಗೆ ಸ್ಕೇಟ್‌ಬೋರ್ಡು, ನಿಮಗೇನನ್ಸುತ್ತೆ?

ತಿರುಗಾಲ_ತಿಪ್ಪ:
ಸ್ಪೇನಿನ ಅಸ್ತೂರಿಯಾಸ್ ಕಡೆ ಯಾನೆರಾ ಅಂತ ಒಂದು ಊರಿದೆ, ಅಲ್ಲಿ 1912ರಲ್ಲಿ ಸಿಡಿಮದ್ದಿನ ಕಾರ್ಖಾನೆ ಕೆಲಸಗಾರರಿಗೆ ಅಂತ ಕಟ್ಟಿದ ಸಾಂತಾ ಬಾರ್ಬರಾ ಚರ್ಚು ವರ್ಷಾನುಗಟ್ಲೆ ಪಾಳು ಬಿದ್ದಿತ್ತು (ಸಿಡಿಮದ್ದಿನವರನ್ನ ಕಾಯೋ ಸಂತಳೇ ಬಾರ್ಬರಾ, ಹೆಸರು ನೋಡ್ಕೊಂಡೇ ಇಟ್ಟಿದಾರೆ). 2007ರಲ್ಲಿ ಒಂದಷ್ಟು ಜನ ಗೆಳೆಯರು ಸೇರಿ ಅದನ್ನ ಕೊಂಡ್ಕೊಂಡ್ರು, ಆಮೇಲೆ ಒಳಗೆ ರ‍್ಯಾಂಪ್ ಹಾಕಿ ಸ್ಕೇಟಿಂಗ್ ಶುರುವಾಯ್ತು, 2015ರಲ್ಲಿ ಒಕುಡಾ ಅನ್ನೋ ಕಲಾವಿದ ಗೋಡೆ ಚಾವಣಿ ಎಲ್ಲಾ ಬಣ್ಣ ಬಳಿದ. ಫೋಟೋ ನೋಡಿ ನಾನು ಫಿದಾ. ಅಮ್ಮಂಗೆ ತೋರಿಸಿದ್ರೆ "ದೇವ್ರಿದ್ದ ಜಾಗ್ದಲ್ಲಿ ಗಾಲಿ ಓಡಿಸ್ತಾರೇನೋ" ಅಂದ್ರು. ನೀವೇನಂತೀರಾ?

ಹಗ್ಗದ_ಮೇಲೆ:
ನಾನು ಮ್ಯಾಂಚೆಸ್ಟರಲ್ಲಿ ಇಂಥದ್ದೇ ಒಂದ್ರೊಳಗೆ ಗೋಡೆ ಹತ್ತೋಕೆ ಹೋಗ್ತೀನಿ ಗುರೂ. ಸೇಂಟ್ ಬೆನಡಿಕ್ಟ್ ಚರ್ಚು, 1880ರದ್ದು, 2005ರಿಂದ ಕ್ಲೈಂಬಿಂಗ್ ಸೆಂಟರ್. ಅಲ್ಲಿ ಅರ್ಧ ಹತ್ತಿ ಕೈ ಸೋತು ಹಗ್ಗದಲ್ಲಿ ನೇತಾಡ್ತಾ ತಲೆ ಎತ್ತಿದ್ರೆ ಕಾಣೋದು ಮರದ ಚಾವಣಿ, ಕೈಗೆ ಹಚ್ಕೊಂಡ ಚಾಕ್ ಪುಡಿ ಬೆಳಕಲ್ಲಿ ಹೊಗೆ ಥರ ತೇಲ್ತಿರುತ್ತೆ, ಆಗ ಬಾಯಲ್ಲಿ ದೇವರ ಹೆಸರು ತಾನಾಗೇ ಬರುತ್ತೆ ಬಿಡಿ 😄 ಚಳಿಗಾಲದಲ್ಲಿ ಮಾತ್ರ ಒಳಗೆ ಕೊರೆಯುತ್ತೆ. ಬ್ರಿಸ್ಟಲಲ್ಲೂ ಸೇಂಟ್ ವರ್ಬರ್ಗ್ ಅಂತ ಒಂದಿದೆ, ಅದನ್ನಂತೂ 1870ರ ದಶಕದ ಕೊನೇಲಿ ಊರೊಳಗಿಂದ ಕಲ್ಲು ಬಿಚ್ಚಿ ತಂದು ಬೇರೆ ಕಡೆ ಕಟ್ಟಿದ್ದು, ಈಗ ಅಲ್ಲೂ ಇದೇ ಕ್ಲೈಂಬಿಂಗು.

ಕುಡ್ಲದ_ಬಾಯಿ:
ನಾವು ಕ್ಯಾಥೊಲಿಕರೇ ಮಾರಾಯ್ರೆ, ನಂಗೇನೂ ಬೇಜಾರಿಲ್ಲ. ಚರ್ಚಿನ ಕಾನೂನಲ್ಲೇ ದಾರಿ ಉಂಟು, 1222ನೇ ನಿಯಮ. ಪೂಜೆಗೆ ಬಳಸ್ಲಿಕ್ಕಾಗದ, ರಿಪೇರಿಯೂ ಆಗದ ಕಟ್ಟಡವನ್ನು ಬಿಷಪ್ಪರು ಬೇರೆ ಕೆಲಸಕ್ಕೆ ಬಿಡಬಹುದು, ಆದ್ರೆ ಆ ಕೆಲಸ ಹೊಲಸು ಆಗಿರಬಾರದು ಅಂತ ಅಷ್ಟೆ. ಮಕ್ಕಳು ಸ್ಕೇಟಿಂಗ್ ಮಾಡುದು ಹೊಲಸಾ? ಬಾರ್ ಮಾಡಿದ್ರೆ ನಾನೂ ನಿಮ್ಮ ಅಮ್ಮನ ಪಾರ್ಟಿ.

ತಿರುಗಾಲ_ತಿಪ್ಪ:
ಹಂಗಾದ್ರೆ ನಮ್ಮ ಶೆಟ್ಟಿಹಳ್ಳಿ ಚರ್ಚಲ್ಲೂ ಏನಾದ್ರೂ ಮಾಡ್ಬೋದಲ್ವಾ?

ಹಾಸನದ_ಹೈದ:
ಏನ್ ಮಾಡ್ತೀರಾ ಸ್ವಾಮಿ, ಈಜು ಕಲಿಸ್ತೀರಾ? ಚಾವಣಿನೇ ಇಲ್ಲ. ಗೊರೂರು ಡ್ಯಾಮಿನ ಹಿನ್ನೀರು ಏರಿದ್ರೆ ಕಮಾನಿನ ಅರ್ಧದವರೆಗೂ ನೀರು, ಬೇಸಿಗೇಲಿ ಇಳಿದ್ಮೇಲೆ ಒಳಗೆಲ್ಲ ಬಿರುಕು ಬಿಟ್ಟ ಕೆಸರು. 1860ರ ದಶಕದಲ್ಲಿ ಫ್ರೆಂಚ್ ಪಾದ್ರಿಗಳು ಕಟ್ಟಿಸಿದ್ದು, ಹಿಂಗೆ ನೆನೆದು ಒಣಗಿ ನೆನೆದು ಒಣಗಿ ಗಾರೆ ಉದುರ್ತಾ ಇದೆ. ಯಾನೆರಾದವರಿಗೆ ನಾಲ್ಕು ಗೋಡೆ, ತಲೆ ಮೇಲೊಂದು ಸೂರು ಸಿಕ್ತು, ರ‍್ಯಾಂಪ್ ಹಾಕಿದ್ರು. ಇಲ್ಲಿ ಸದ್ಯ ಪ್ರೀ ವೆಡ್ಡಿಂಗ್ ಶೂಟಿಗೆ ಬಂದೋರು ಗೋಡೆ ಹತ್ತದೆ ಇದ್ರೆ ಸಾಕಾಗಿದೆ.